ಕುದುರೆ ಕೊಬ್ಬಿನಲ್ಲಿ ಕರಿದ ಆಲೂಗಡ್ಡೆ

1945ರ ಏಪ್ರಿಲ್ ಕೊನೆಯ ವಾರದಲ್ಲಿ, ಬೆಲ್ಜಿಯಂ ದೇಶದ ಬ್ರಸೆಲ್ಸ್ ನಗರದಲ್ಲಿ, ಶ್ರೀನಿವಾಸಪುರದ ಲಾರಿ ಡ್ರೈವರ್ ಅಬ್ದುಲ್ ಖಾದರ್ ಒಂದು ಪೊಟ್ಟಣ ಕರಿದ ಆಲೂಗಡ್ಡೆ ತಿಂದ. ಅದಕ್ಕೆ ಮುಂಚಿನ ಒಂಬತ್ತು ದಿನ ಅವನ ಹೊಟ್ಟೆಯಲ್ಲಿ ನೀರು ಬಿಟ್ಟರೆ ಏನೂ ನಿಂತಿರಲಿಲ್ಲ. ಅವನು ತಿನ್ನುವಾಗ ಪಕ್ಕದಲ್ಲಿ ನಿಂತಿದ್ದವನು ನಾನು.

ಇದನ್ನು ಈಗ, 1949ರಲ್ಲಿ, ಬರೆಯಲು ಕಾರಣ ಹೋದ ತಿಂಗಳು ಮಾಲೂರಿನಲ್ಲಿ ಮೂಗಿಗೆ ಬಡಿದ ಒಂದು ವಾಸನೆ. ಆಲೂಗಡ್ಡೆ ಬೆಳೆ ಹೇಗಿದೆ ನೋಡಿ ಬರಲು ನಮ್ಮ ಪತ್ರಿಕೆಯವರು ಕಳಿಸಿದ್ದರು. ರೈಲು ಇಳಿದು ಊರೊಳಗೆ ನಡೆಯುತ್ತಿದ್ದೆ. ಒಂದು ಜಗಲಿಯ ಮೇಲೆ ಒಬ್ಬಾಕೆ ಕಡಲೆಕಾಯಿ ಎಣ್ಣೆಯಲ್ಲಿ ಆಲೂಗಡ್ಡೆ ಕರಿಯುತ್ತಿದ್ದಳು. ಅದರ ಒಳಮನೆಯಲ್ಲಿ ಯಾರೋ ಹಸಿ ಸಾಸಿವೆ ಅರೆಯುತ್ತಿದ್ದರು. ಎರಡೂ ವಾಸನೆ ಒಟ್ಟಿಗೆ ಬಂದದ್ದು ನಾಲ್ಕು ವರ್ಷಗಳಲ್ಲಿ ಅದೇ ಮೊದಲು. ಸ್ವಲ್ಪ ಹೊತ್ತು ಅಲ್ಲೇ ನಿಂತೆ.

ನಾನು ಕೋಲಾರ ತಾಲ್ಲೂಕಿನ ಹೋಳೂರಿನವನು. ನಮ್ಮದು ರಾಗಿ ಬೆಳೆಯುವ ಮನೆ. ಇಂಗ್ಲಿಷ್ ಓದಿ, ಟೈಪು ಕಲಿತು, ಯುದ್ಧದ ಕಾಲದಲ್ಲಿ ಸೈನ್ಯದ ಲಾರಿ ಕಂಪನಿಯೊಂದರಲ್ಲಿ ಗುಮಾಸ್ತನಾಗಿ ಸೇರಿದೆ. ಖಾದರ್ ಅದೇ ಕಂಪನಿಯ ಡ್ರೈವರ್. ಅಷ್ಟು ಜನರಲ್ಲಿ ಕೋಲಾರದ ಕಡೆಯವರು ನಾವಿಬ್ಬರೇ. 1942ರ ಬೇಸಿಗೆಯಲ್ಲಿ ಆಫ್ರಿಕಾದ ಮರುಭೂಮಿಯಲ್ಲಿ ಇಬ್ಬರೂ ಸೆರೆ ಸಿಕ್ಕೆವು. ಮೊದಲು ಇಟಲಿ, ಆಮೇಲೆ ಜರ್ಮನಿ. ಎರಡು ಕಡೆಯೂ ಸೇರಿ ಸುಮಾರು ಮೂರು ವರ್ಷ ಕೊಟ್ಟಿಗೆಯಂಥ ಮನೆಗಳಲ್ಲಿ ಒಂದರ ಮೇಲೊಂದು ಹಲಗೆಯ ಮಂಚದಲ್ಲಿ ಮಲಗಿದೆವು. ಕೊನೆಯ ಚಳಿಗಾಲದಲ್ಲಿ ನಮ್ಮನ್ನು ಹಿಮದಲ್ಲಿ ವಾರಗಟ್ಟಲೆ ನಡೆಸಿದರು. ಆ ನಡಿಗೆಯ ನಂತರ ಖಾದರನ ಹೊಟ್ಟೆ ಕೆಟ್ಟಿತು. ಏಪ್ರಿಲ್‌ನಲ್ಲಿ ಅಮೆರಿಕದ ಸೈನಿಕರು ಬಂದು ಬೇಲಿ ಬಿಚ್ಚಿದಾಗ ಎಲ್ಲರೂ ಅವರು ಕೊಟ್ಟ ಊಟದ ಡಬ್ಬಿ ಒಡೆದು ತಿಂದರು. ಡಬ್ಬಿಯಲ್ಲಿ ಹಂದಿ ಮಾಂಸವಿರಬಹುದೆಂದು ಖಾದರ್ ಮುಟ್ಟಲಿಲ್ಲ. ಹಾಲಿನ ಪುಡಿ ಕಲಸಿ ಕೊಟ್ಟೆ, ವಾಂತಿ ಮಾಡಿದ. ಬಿಸ್ಕತ್ತು ನೆನೆಸಿ ಕೊಟ್ಟೆ, ಅದನ್ನೂ ಕಕ್ಕಿದ.

ಬ್ರಸೆಲ್ಸ್‌ನಲ್ಲಿ ನಮ್ಮನ್ನು ಒಂದು ಶಾಲೆಯ ಕಟ್ಟಡದಲ್ಲಿ ಇಳಿಸಿದರು. ಅಲ್ಲಿಂದ ವಿಮಾನದಲ್ಲಿ ಇಂಗ್ಲೆಂಡು, ಅಲ್ಲಿಂದ ಹಡಗಿನಲ್ಲಿ ಊರು ಎಂದು ಹೇಳಿದರು. ಸೈನ್ಯದ ಡಾಕ್ಟರು ಖಾದರನ ಪಕ್ಕೆಲುಬು ಮುಟ್ಟಿ ನೋಡಿ ಇಂಗ್ಲಿಷಿನಲ್ಲಿ ನನಗೆ ಹೇಳಿದ ಮಾತು ಇಷ್ಟು: ಇನ್ನೆರಡು ದಿನ ನೋಡುತ್ತೇನೆ, ಹೊಟ್ಟೆಯಲ್ಲಿ ಏನಾದರೂ ನಿಂತರೆ ನಿಮ್ಮ ಜೊತೆ ಬರುತ್ತಾನೆ, ಇಲ್ಲದಿದ್ದರೆ ಇಲ್ಲಿನ ಆಸ್ಪತ್ರೆಗೆ. ಇದನ್ನು ಖಾದರನಿಗೆ ಕನ್ನಡದಲ್ಲಿ ಹೇಳಿದೆ.

"ಇಲ್ಲಿ ಬಿಟ್ಟು ಹೋಗ್ತೀಯೇನ್ಲಾ ನಾರಾಣಪ್ಪ?"

"ನಾನೆಲ್ಲಿ ಬಿಡ್ತೀನಿ. ಅವ್ರು ಬಿಡಿಸ್ತಾರೆ. ನೀನು ತಿನ್ನು."

"ತಿಂತೀನಿ ಕಣೋ. ಒಳಗೆ ಇರಲ್ಲ ಅಂತದೆ. ಇಲ್ಲಿ ಸತ್ರೆ ಮಣ್ಣು ಮಾಡೋಕೆ ಒಬ್ಬ ಸಾಬ್ರೂ ಇಲ್ಲ. ನೀನೇ ಏನಾದ್ರೂ ಓದಿಬಿಡು."

"ನನಗೆ ಬರೋದು ಟೈಪು ಒಂದೇ. ಅದಕ್ಕೆ ಸಾಯ್ಬೇಡ."

ಮಾರನೆಯ ದಿನ ಮಧ್ಯಾಹ್ನ ಸಣ್ಣ ಸೋನೆ ಹಿಡಿದಿತ್ತು. ಶಾಲೆಯೊಳಗೆ ಔಷಧಿಯ ವಾಸನೆ ತಡೆಯಲಾರೆ ಎಂದು ಖಾದರ್ ಹೊರಗೆ ಹೊರಟ. ನನ್ನ ಭುಜ ಹಿಡಿದುಕೊಂಡು ನಡೆದ. ಎರಡು ಬೀದಿ ದಾಟಿದರೆ ಒಂದು ಚೌಕ. ಅದರ ಮೂಲೆಯಲ್ಲಿ ಹಸಿರು ಬಣ್ಣದ ಮರದ ಗೂಡಂಗಡಿ. ತಲೆಯ ಮೇಲೆ ತಗಡಿನ ಹೊಗೆ ಕೊಳವೆ. ಒಳಗೆ ನಡುವಯಸ್ಸಿನ ದಪ್ಪ ಹೆಂಗಸು. ಅವಳ ಮುಂದೆ ಎರಡು ಬಾಣಲೆ. ಆಲೂಗಡ್ಡೆಯನ್ನು ಬೆರಳಿನ ಹಾಗೆ ಉದ್ದಕ್ಕೆ ಹೆಚ್ಚಿ ಮೊದಲನೆಯದರಲ್ಲಿ ಮೆತ್ತಗೆ ಬೇಯಿಸುತ್ತಿದ್ದಳು. ತೆಗೆದು ಜಾಲರಿಯಲ್ಲಿ ಆರಲು ಬಿಟ್ಟು, ಗಿರಾಕಿ ಬಂದಾಗ ಎರಡನೆಯದರಲ್ಲಿ ಮತ್ತೆ ಕರಿದು, ಹಳೆಯ ಪತ್ರಿಕೆಯ ಪೊಟ್ಟಣಕ್ಕೆ ಸುರಿಯುತ್ತಿದ್ದಳು. ಕಟ್ಟೆಯ ಮೇಲೆ ಮೂರು ಮಣ್ಣಿನ ಜಾಡಿ. ಒಂದರಲ್ಲಿ ಬಿಳಿಯದು, ಒಂದರಲ್ಲಿ ಹಳದಿಯದು, ಇನ್ನೊಂದರಲ್ಲಿ ಹುಳಿಯಲ್ಲಿ ನೆನೆದ ತರಕಾರಿ ಚೂರು. ಜನ ಪೊಟ್ಟಣದ ಮೇಲೆ ತಮಗೆ ಬೇಕಾದ್ದನ್ನು ಹಾಕಿಸಿಕೊಂಡು, ಮಳೆಯಲ್ಲೇ ನಿಂತು ತಿನ್ನುತ್ತಿದ್ದರು.

ಖಾದರ್ ನಿಂತ. ಮೂಗು ಮೇಲೆತ್ತಿದ.

"ಆವಕಾಯಿ ವಾಸನೆ ಕಣೋ," ಅಂದ.

ನನಗೆ ಕರಿಯುವ ವಾಸನೆ ಮಾತ್ರ ತಿಳಿಯುತ್ತಿತ್ತು. ಅವನು ಹುಟ್ಟಿ ಬೆಳೆದದ್ದು ಮಾವಿನ ತೋಪುಗಳ ನಡುವೆ. ಪ್ರತಿ ಬೇಸಿಗೆ ಶ್ರೀನಿವಾಸಪುರದ ತೆಲುಗು ಮನೆಗಳಲ್ಲಿ ಹುಳಿ ಮಾವಿನಕಾಯಿ ಕೊಚ್ಚಿ, ಸಾಸಿವೆ ಪುಡಿ, ಮೆಣಸಿನಪುಡಿ, ಎಣ್ಣೆ ಕಲಸಿ ಆವಕಾಯಿ ಹಾಕುವಾಗ ಇಡೀ ಬೀದಿಗೆ ಸಾಸಿವೆಯ ಘಾಟು ಹತ್ತುತ್ತದೆ. ಆ ಘಾಟನ್ನು ಅವನು ಹಳದಿ ಜಾಡಿಯಲ್ಲಿ ಗುರುತು ಹಿಡಿದಿದ್ದ.

"ತಿಂತೀಯಾ?"

"ತಿಂತೀನಿ. ಮೊದ್ಲು ಕೇಳು, ಯಾವ ಕೊಬ್ಬಲ್ಲಿ ಕರೀತಾಳೆ?"

ಪ್ರಶ್ನೆ ನನಗೂ ಬೇಕಾದದ್ದೇ. ಬಾಣಲೆಯಲ್ಲಿದ್ದದ್ದು ಎಣ್ಣೆಯಲ್ಲ, ಪಕ್ಕದಲ್ಲಿ ಗಡ್ಡೆ ಕಟ್ಟಿದ ಬಿಳಿ ಕೊಬ್ಬು ಇತ್ತು. ಹಂದಿಯದಾದರೆ ಅವನು ತಿನ್ನುವ ಹಾಗಿಲ್ಲ, ದನದ್ದಾದರೆ ನಾನು ತಿನ್ನುವ ಹಾಗಿಲ್ಲ. ಆಕೆಗೆ ಇಂಗ್ಲಿಷ್ ಬಾರದು. ನಾನು ತಲೆಯ ಎರಡು ಪಕ್ಕ ಬೆರಳಿಟ್ಟು ಕೊಂಬು ಮಾಡಿ, ಬಾಣಲೆ ತೋರಿಸಿ "ಅಂಬಾ" ಎಂದೆ. ಆಕೆ ತಲೆಯಾಡಿಸಿದಳು: ಅಲ್ಲ. ಖಾದರ್ ಒಂದು ಬೆರಳಿನಿಂದ ಮೂಗನ್ನು ಮೇಲಕ್ಕೊತ್ತಿ ಗುರುಗುಟ್ಟಿದ. ಸಾಲಿನಲ್ಲಿದ್ದ ಜನ ನಕ್ಕರು. ಆಕೆ ಅದಕ್ಕೂ ತಲೆಯಾಡಿಸಿ, ಸೌಟಿನಿಂದ ಚೌಕದ ಆ ಬದಿ ತೋರಿಸಿದಳು. ಅಲ್ಲಿ ಕಲ್ಲಿದ್ದಲಿನ ಗಾಡಿಗೆ ಕಟ್ಟಿದ ಒಂದು ಕುದುರೆ ನಿಂತಿತ್ತು.

"ಕುದುರೇನಾ?" ಅಂದ ಖಾದರ್.

"ಹಂಗೇ ಕಾಣ್ತದೆ."

"ಕುದುರೆ ವಿಷಯದಲ್ಲಿ ನಿಮ್ಮಲ್ಲಿ ಏನಾದ್ರೂ ಹೇಳ್ತಾರಾ?"

"ಹೋಳೂರಲ್ಲಿ ಯಾರೂ ಏನೂ ಹೇಳಿಲ್ಲ. ನಿಮ್ಮಲ್ಲಿ?"

"ನಮ್ಮ ಮುಲ್ಲಾ ಯಾವತ್ತೂ ಕುದುರೆ ಮಾತೇ ಎತ್ತಿಲ್ಲ."

"ಕೇಳಿದ್ರೆ?"

"ಕೇಳೋಕೆ ಇಲ್ಲಿ ಮುಲ್ಲಾ ಎಲ್ಲವ್ನೆ? ತಗೋ, ತಗೋ."

ಸೈನ್ಯದವರು ಕೈಖರ್ಚಿಗೆ ಕೊಟ್ಟಿದ್ದ ಹಣದಲ್ಲಿ ಎರಡು ಪೊಟ್ಟಣ ತೆಗೆದುಕೊಂಡೆವು. ನನ್ನದರ ಮೇಲೆ ಬಿಳಿಯದನ್ನು ಹಾಕಿಸಿಕೊಂಡೆ. ಗಟ್ಟಿ ಮೊಸರು ಎಂದುಕೊಂಡಿದ್ದೆ. ಮೂರು ವರ್ಷದಿಂದ ಮೊಸರು ಕಂಡಿರಲಿಲ್ಲ. ಬಾಯಿಗಿಟ್ಟರೆ ಹಸಿ ಮೊಟ್ಟೆ ಮತ್ತು ಎಣ್ಣೆ. ನುಂಗಿದೆ. ಖಾದರ್ ಹಳದಿಯದನ್ನು ತೋರಿಸಿದ. ಆಕೆ ಚಮಚದ ತುದಿಯಲ್ಲಿ ಅಷ್ಟೇ ಅಷ್ಟು ಹಾಕಿದಳು. ಇನ್ನೂ ಎಂದ. ಇನ್ನಷ್ಟು ಹಾಕಿದಳು. ಮತ್ತೂ ಎಂದ. ಆಕೆ ಏನೋ ಎಚ್ಚರಿಕೆ ಹೇಳಿದಂತಿತ್ತು. ಇವನು ಊರಿನಲ್ಲಿ ಆವಕಾಯಿಯ ಗಸಿಯನ್ನು ಅನ್ನಕ್ಕೆ ಕಲಸುವ ಲೆಕ್ಕದಲ್ಲಿ ಒಂದು ನಿಂಬೆ ಗಾತ್ರದ ಸಾಸಿವೆಯನ್ನು ಎರಡು ತುಂಡು ಆಲೂಗಡ್ಡೆಯಿಂದ ಬಾಚಿ ಬಾಯಿಗೆ ಹಾಕಿಕೊಂಡ.

ಅದರಲ್ಲಿ ಮಾವಿನಕಾಯಿ ಇಲ್ಲ, ಉಪ್ಪು ಕಮ್ಮಿ, ಘಾಟು ತಗ್ಗಿಸುವ ಎಣ್ಣೆಯೂ ಇಲ್ಲ. ಬರೀ ಅರೆದ ಸಾಸಿವೆ. ಖಾದರನ ಮುಖ ಕೆಂಪಾಯಿತು. ಕಣ್ಣು, ಮೂಗು ಎರಡರಲ್ಲೂ ನೀರು ಸುರಿಯಿತು. ನೆತ್ತಿ ಬಡಿದುಕೊಂಡ. ಆಕೆ ಅಂಗಡಿಯಿಂದ ಇಳಿದು ಬಂದು ಅವನ ಬೆನ್ನು ತಟ್ಟಿದಳು. ವಾಂತಿ ಮಾಡುತ್ತಾನೆಂದು ನಾನು ಅವನ ಹಣೆ ಹಿಡಿದೆ. ಅವನು ಕೈ ತಳ್ಳಿದ.

"ಬಿಡ್ಲಾ! ನೆತ್ತಿಗೆ ಹತ್ತಿದೆ ಅಷ್ಟೆ. ಅಬ್ಬಾ... ಮೂರು ವರ್ಷ ಆಯ್ತು ಕಣೋ ನೆತ್ತಿಗೆ ಏನಾದ್ರೂ ಹತ್ತಿ!"

ಅವನು ನಗುತ್ತಿದ್ದ. ಚಳಿಗಾಲದಿಂದ ಅವನು ನಕ್ಕದ್ದನ್ನು ನಾನು ನೋಡಿರಲಿಲ್ಲ. ಆಮೇಲೆ ಸಾಸಿವೆ ಮುಟ್ಟಿಯೂ ಮುಟ್ಟದಂತೆ ಒಂದೊಂದೇ ತುಂಡು ಅದ್ದಿ ಪೊಟ್ಟಣ ಮುಗಿಸಿದ. ತಳದಲ್ಲಿ ಉಳಿದ ಪುಡಿಯನ್ನು ಕಾಗದ ಬಿಚ್ಚಿ ನೆಕ್ಕಿದ. ನಾವು ಅಲ್ಲೇ ಒಂದು ಮೆಟ್ಟಿಲ ಮೇಲೆ ಕುಳಿತೆವು. ನಾನು ಅವನ ಮುಖವನ್ನೇ ನೋಡುತ್ತಿದ್ದೆ. ಅರ್ಧ ಗಂಟೆ ಕಳೆಯಿತು, ಒಂದು ಗಂಟೆ ಕಳೆಯಿತು. ಚರ್ಚಿನ ಗಡಿಯಾರ ಎರಡು ಸಲ ಹೊಡೆಯಿತು.

"ಏನ್ ನೋಡ್ತೀಯೋ? ಬರಲ್ಲ ಅದು. ಕುದುರೆ ಒಳಗೆ ಹೋಗಿ ಮಲಗಿದೆ," ಎಂದ.

ಮರುದಿನ ಮತ್ತೆ ಅಲ್ಲಿಗೇ ಹೋದೆವು. ಮೂರನೆಯ ದಿನ ಡಾಕ್ಟರು ಅವನ ಹೆಸರನ್ನು ವಿಮಾನದ ಪಟ್ಟಿಗೆ ಸೇರಿಸಿದರು.

ವಿಷಯ ಅಲ್ಲಿಗೆ ಮುಗಿದಿದ್ದರೆ ಈ ಬರಹ ಸಣ್ಣದಾಗುತ್ತಿತ್ತು. ಜೂನ್ ತಿಂಗಳಲ್ಲಿ, ಇಂಗ್ಲೆಂಡಿನ ಬಂದರಿನಲ್ಲಿ ಹಡಗು ಹತ್ತುವ ಮುಂಚೆ ಮತ್ತೊಂದು ತಪಾಸಣೆ ಮಾಡಿದರು. ಖಾದರನ ಎದೆಯ ಎಕ್ಸ್‌ರೇ ಚಿತ್ರದಲ್ಲಿ ಒಂದು ಕಲೆ ಕಂಡಿತು. ಕ್ಷಯವಿರಬಹುದೆಂದು ಅವನನ್ನು ಸಾಲಿನಿಂದ ಹೊರಗೆ ನಿಲ್ಲಿಸಿದರು. ನಾನೂ ಉಳಿಯುತ್ತೇನೆಂದೆ, ಅಪ್ಪಣೆ ಸಿಗಲಿಲ್ಲ. ಮಾತಾಡಲು ಎರಡು ನಿಮಿಷ ಕೊಟ್ಟರು.

"ನಿಮ್ಮಮ್ಮನ ಹತ್ರ ಏನ್ ಹೇಳ್ಲಿ?"

"ಏನ್ ನೋಡಿದ್ಯೋ ಅದನ್ನೇ ಹೇಳು. ಹೆಚ್ಚು ಹೇಳ್ಬೇಡ. ಅವಳಿಗೆ ಸುಳ್ಳು ಗೊತ್ತಾಗ್ತದೆ."

ಜುಲೈ ಮೂರನೆಯ ವಾರ ಹೋಳೂರು ಸೇರಿದೆ. ಗಾಳಿ, ತುಂತುರು, ರಾಗಿ ಬಿತ್ತನೆ ನಡೆದಿತ್ತು. ನಮ್ಮ ಮನೆಯಲ್ಲಿ ನಡೆದದ್ದು ಎಲ್ಲ ಮನೆಗಳಲ್ಲೂ ನಡೆಯುವಂಥದ್ದು, ಅದನ್ನು ಬರೆಯುವುದಿಲ್ಲ. ನಾಲ್ಕನೆಯ ದಿನ ಚಿಕ್ಕ ರೈಲಿನಲ್ಲಿ ಶ್ರೀನಿವಾಸಪುರಕ್ಕೆ ಹೋದೆ. ಖಾದರನ ತಾಯಿ ಬೀಬಿಜಾನ್ ಹೆಂಚಿನ ಮನೆಯ ಮುಂದೆ ಹುಣಿಸೆ ಬೀಜ ಬಿಡಿಸುತ್ತಾ ಕುಳಿತಿದ್ದರು. ನನ್ನ ಹಿಂದೆ ಇನ್ನೊಬ್ಬರು ಬರುತ್ತಾರೇನೋ ಎಂದು ಬೀದಿಯ ಕಡೆ ನೋಡಿದರು. ನಾನು ಬೇಗ ಹೇಳಿದೆ.

"ಅಮ್ಮಾ, ನಾನು ಖಾದರನ ಜೊತೆಗಾರ. ಜೂನ್‌ನಲ್ಲಿ ನಾನು ಅವನನ್ನ ಬಿಟ್ಟಾಗ ಬದುಕಿದ್ದ. ಆಸ್ಪತ್ರೆಯಲ್ಲಿ ಇಟ್ಕೊಂಡಿದ್ದಾರೆ."

"ಜೂನ್‌ನಲ್ಲಿ. ಈಗ?"

"ಈಗಿಂದು ನನಗೆ ಗೊತ್ತಿಲ್ಲಮ್ಮಾ."

ಆಕೆ ಸ್ವಲ್ಪ ಹೊತ್ತು ಹುಣಿಸೆ ಬೀಜ ಬಿಡಿಸಿದರು. ಆಮೇಲೆ ಕೇಳಿದರು: "ತಿಂತಿದ್ನಾ?"

"ತಿಂತಿದ್ದ."

"ನೀನು ಕಣ್ಣಾರೆ ನೋಡಿದ್ಯಾ?"

"ನೋಡಿದೆ." ಬ್ರಸೆಲ್ಸಿನ ಗೂಡಂಗಡಿಯ ಕಥೆ ಹೇಳಿದೆ. ಎರಡು ಸಲ ಕರಿಯುವುದು, ಪೊಟ್ಟಣ, ಸಾಸಿವೆ, ನೆತ್ತಿಗೆ ಹತ್ತಿದ್ದು. ಆಕೆಗೆ ನಗು ಬಂತು. ಆಮೇಲೆ ನಾನು ಹೆದರಿದ್ದ ಪ್ರಶ್ನೆ ಬಂತು.

"ಯಾವ ಎಣ್ಣೇಲಿ ಕರೀತಾರಪ್ಪಾ ಅಲ್ಲಿ?"

ಹೆಚ್ಚು ಹೇಳಬೇಡ ಎಂದಿದ್ದ. ಕಮ್ಮಿ ಹೇಳು ಎಂದಿರಲಿಲ್ಲ.

"ಕುದುರೆ ಕೊಬ್ಬು, ಅಮ್ಮಾ."

"ಯಾ ಅಲ್ಲಾ," ಎಂದು ಸೆರಗನ್ನು ಬಾಯಿಗೆ ಅಡ್ಡ ಹಿಡಿದರು. "ಕಕ್ಕಲಿಲ್ಲ ತಾನೇ?"

"ಇಲ್ಲ. ಒಂದು ಗಂಟೆ ಪಕ್ಕದಲ್ಲೇ ಕೂತು ನೋಡಿದೆ."

"ಹಂಗಾದ್ರೆ ಆ ಕುದುರೇನ ದೇವ್ರು ಚೆನ್ನಾಗಿಟ್ಟಿರ್ಲಿ," ಎಂದರು. ಕುದುರೆ ಎಲ್ಲಿದೆ ಎಂಬುದನ್ನು ನಾನು ವಿವರಿಸಲಿಲ್ಲ.

ಅಂದಿನಿಂದ ಹದಿನೈದು ದಿನಕ್ಕೊಮ್ಮೆ ಶ್ರೀನಿವಾಸಪುರಕ್ಕೆ ಹೋಗುತ್ತಿದ್ದೆ. ಕಾಗದ ಬಂದಿರಲಿಲ್ಲ. ಎರಡನೆಯ ಸಲ ಹೋದಾಗ ಬೀಬಿಜಾನ್ ಮಾಲೂರಿನ ಆಲೂಗಡ್ಡೆ ತರಿಸಿಟ್ಟಿದ್ದರು. "ಅವನ ಹೊಟ್ಟೇಲಿ ನಿಂತಿದ್ದು ಏನು ಅಂತ ನಾನೂ ನೋಡ್ಬೇಕು. ಮಾಡಿ ತೋರ್ಸು," ಎಂದರು. ನನಗೆ ಅಡುಗೆ ಬಾರದು. ನೋಡಿದ್ದನ್ನು ನೋಡಿದ ಕ್ರಮದಲ್ಲಿ ಹೇಳಿದೆ, ಆಕೆ ಮಾಡಿದರು. ಬೆರಳುದ್ದ ಹೆಚ್ಚಿದರು, ಕಡಲೆಕಾಯಿ ಎಣ್ಣೆಯಲ್ಲಿ ಒಮ್ಮೆ ಬೇಯಿಸಿ ತೆಗೆದರು, ಆರಿಸಿ ಮತ್ತೆ ಕರಿದರು. ಸಾಸಿವೆಯನ್ನು ಒರಳಿಗೆ ಹಾಕಿದಾಗ ಪಕ್ಕದ ಮನೆಯ ರಂಗಮ್ಮ ಗೋಡೆಯ ಮೇಲಿಂದ ತಲೆ ಹಾಕಿದರು.

"ಏಮಿ ಬೀಬಮ್ಮಾ, ಸಾಸಿವೆ ಹಂಗೆ ರುಬ್ತಾರಾ? ಕಹಿ ಎದ್ದು ಬರ್ತದೆ. ಉಪ್ಪು ಹಾಕು, ಹುಳಿ ಹಾಕು, ಬೇಗ ತೆಗಿ!"

"ದೊರೆಗಳ ದೇಶದಲ್ಲಿ ಹಿಂಗೇ ಅಂತೆ ರಂಗಮ್ಮ."

"ದೊರೆಗಳಿಗೆ ಆವಕಾಯಿ ಹಾಕೋಕೆ ಬರ್ತದಾ? ಅವ್ರ ಮಾತು ಕಟ್ಕೊಂಡು ಒಳ್ಳೆ ಸಾಸಿವೆ ಹಾಳ್ ಮಾಡ್ತೀಯಲ್ಲ!"

ಆ ದಿನದ್ದು ನಿಜವಾಗಿಯೂ ಕಹಿಯಾಯಿತು. ಮುಂದಿನ ಸಲ ರಂಗಮ್ಮ ತಾವೇ ಒರಳಿನ ಮುಂದೆ ಕುಳಿತರು. ಆಗಸ್ಟ್ ಕಳೆಯುವ ಹೊತ್ತಿಗೆ ಆ ಬೀದಿಯ ನಾಲ್ಕಾರು ಮನೆಗಳಲ್ಲಿ ಅದನ್ನು ಕರಿಯಲು ಕಲಿತಿದ್ದರು. ಬೀಬಿಜಾನ್ ಮಾತ್ರ ಒಂದು ತುಂಡೂ ತಿನ್ನಲಿಲ್ಲ. ಮಾಡುವುದು, ನನಗೆ ಕೊಡುವುದು, ನಾನು ತಿನ್ನುವುದನ್ನು ನೋಡುವುದು, ಅಷ್ಟೇ. ಪ್ರತಿ ಸಲವೂ ಅದೇ ಪ್ರಶ್ನೆ: "ಹಿಂಗೇ ಇತ್ತಾ? ಹಿಂಗೇ ತಿಂದ್ನಾ?"

ಸೆಪ್ಟೆಂಬರಿನಲ್ಲಿ ಒಂದು ಕಾಗದ ಬಂತು. ಆಸ್ಪತ್ರೆಯ ದಾದಿಯೊಬ್ಬರು ಇಂಗ್ಲಿಷಿನಲ್ಲಿ ಬರೆದದ್ದು. ಕೆಳಗೆ ಖಾದರನ ಉರ್ದು ಸಹಿ. ಓದಲು ನನಗಾಗಿ ಐದು ದಿನ ಇಟ್ಟುಕೊಂಡು ಕಾದಿದ್ದರು. ರೋಗಿ ಚೇತರಿಸಿಕೊಳ್ಳುತ್ತಿದ್ದಾರೆ, ಊಟ ಮಾಡುತ್ತಾರೆ, ಎದೆಯ ಕಲೆ ಹಳೆಯ ಗಾಯದ್ದಿರಬಹುದು, ಖಚಿತವಾಗಲು ಇನ್ನೂ ಸಮಯ ಬೇಕು ಎಂದಿತ್ತು. ಒಂದೊಂದು ವಾಕ್ಯವನ್ನೂ ಕನ್ನಡದಲ್ಲಿ ಹೇಳಿದೆ.

"ಬದುಕಿದ್ದಾನೆ ಅಂತ ತಾನೇ?"

"ಇದನ್ನ ಬರೆದ ದಿನ ಬದುಕಿದ್ದ. ಬರೆದು ಏಳು ವಾರ ಆಗಿದೆ."

ಹೇಳಿದ ಮೇಲೆ ಹೇಳಬಾರದಿತ್ತು ಅನ್ನಿಸಿತು. ಗೋಡೆಯಾಚೆಯಿಂದ ರಂಗಮ್ಮ ನನ್ನನ್ನು ಬೈದರು: "ಹೌದು ಅಂದ್ರೆ ನಿನ್ನ ಗಂಟೇನು ಹೋಗ್ತದೆ?" ಬೀಬಿಜಾನ್ ಕೈ ಎತ್ತಿ ಅವರನ್ನು ಸುಮ್ಮನಿರಿಸಿದರು.

"ಬೇಡ ರಂಗಮ್ಮ. ಬೀದಿಯವರೆಲ್ಲ ಬರ್ತಾನೆ ಬರ್ತಾನೆ ಅಂತಾರೆ. ಇವನು ಹೇಳೋದು ಕಮ್ಮಿ. ಹೇಳಿದಷ್ಟನ್ನ ನಂಬ್ಕೊಂಡು ನಿದ್ದೆ ಮಾಡಬಹುದು."

ಆ ವಾರ ಆಕೆ ಮುಳಬಾಗಿಲಿನ ದರ್ಗಾಕ್ಕೆ ಹೋಗಿ ಬಂದರು. ಅಕ್ಟೋಬರಿನಲ್ಲಿ ಮಳೆ ಹೆಚ್ಚಾಗಿ ಎರಡು ಸಲ ನಾನು ಹೋಗಲಾಗಲಿಲ್ಲ. ಬೇರೆ ಕಾಗದವೂ ಬರಲಿಲ್ಲ.

ನವೆಂಬರ್ ಕೊನೆಯಲ್ಲಿ, ರಾಗಿ ಕೊಯ್ಲಿನ ಸಮಯ, ನಾನು ಶ್ರೀನಿವಾಸಪುರದ ಆ ಬೀದಿಗೆ ತಿರುಗಿದಾಗ ಬೀಬಿಜಾನರ ಮನೆ ಮುಂದೆ ಜನ ಸೇರಿದ್ದರು. ನಿಂತುಬಿಟ್ಟೆ. ಜನ ಸೇರುವುದಕ್ಕೆ ಎರಡೇ ಕಾರಣ ಇರಲು ಸಾಧ್ಯ. ಒಳಗಿನಿಂದ ಒಂದು ಧ್ವನಿ ಕೇಳಿತು.

"ಇದೇನಮ್ಮಾ, ಇಲ್ಲೂ ಇದೇನಾ? ನಾಲ್ಕು ತಿಂಗಳು ಆ ಆಸ್ಪತ್ರೇಲಿ ಬೆಳಿಗ್ಗೆ ಆಲೂಗಡ್ಡೆ, ಮಧ್ಯಾಹ್ನ ಆಲೂಗಡ್ಡೆ, ಸಂಜೆ ಆಲೂಗಡ್ಡೆ! ಕಣ್ಮುಂದಿಂದ ತೆಗಿ. ಮುದ್ದೆ ಇಕ್ಕು!"

ನಾನು ಜನರನ್ನು ಸರಿಸಿಕೊಂಡು ಒಳಗೆ ಹೋದೆ. ಖಾದರ್ ಮಣೆಯ ಮೇಲೆ ಕುಳಿತಿದ್ದ. ಹಿಂದಿನ ದಿನವಷ್ಟೇ ಬಂದಿದ್ದನಂತೆ. ಕೆನ್ನೆ ತುಂಬಿತ್ತು. ಎದುರಿಗೆ ತಟ್ಟೆಯ ತುಂಬ ಬೆರಳುದ್ದದ ಕರಿದ ಆಲೂಗಡ್ಡೆ, ಬಟ್ಟಲಲ್ಲಿ ರಂಗಮ್ಮನ ಸಾಸಿವೆ. ನನ್ನನ್ನು ನೋಡಿ ಏಳಲಿಲ್ಲ. ತಟ್ಟೆಯನ್ನು ನನ್ನ ಕಡೆ ತಳ್ಳಿದ.

"ನೀನೇ ಅಲ್ವೇನ್ಲಾ ಕಲ್ಸಿದ್ದು? ನೀನೇ ತಿನ್ನು."

ಬೀಬಿಜಾನ್ ಒಲೆಯ ಮೇಲೆ ನೀರಿಟ್ಟರು. ರಾಗಿ ಹಿಟ್ಟು ಹಾಕಿ, ಕೋಲಿನಿಂದ ತಿರುವಿ, ಮುದ್ದೆ ಕಟ್ಟಿದರು. ಸೊಪ್ಪಿನ ಸಾರು ಬಿಟ್ಟರು. ಖಾದರ್ ಒಂದು ಮುದ್ದೆ ನುಂಗಿದ, ಇನ್ನೊಂದು ಹಾಕಿಸಿಕೊಂಡ. ಆಕೆ ಎದುರಿಗೆ ಕುಳಿತು ಅವನ ಗಂಟಲನ್ನೇ ನೋಡುತ್ತಿದ್ದರು. ಮೂರನೆಯದು ಕೇಳಿದಾಗ ಆಕೆ ನನ್ನ ತಟ್ಟೆಯಿಂದ ಒಂದು ತುಂಡು ಆಲೂಗಡ್ಡೆ ತೆಗೆದುಕೊಂಡು ಸಾಸಿವೆಗೆ ಅದ್ದಿ ಬಾಯಿಗೆ ಹಾಕಿಕೊಂಡರು. ಅಗಿದರು. ಕಣ್ಣಲ್ಲಿ ನೀರು ಬಂತು.

"ಘಾಟು ಜಾಸ್ತಿ," ಎಂದರು.

"ಜಾಸ್ತಿ ಏನಿಲ್ಲ, ಸರಿಯಾಗಿದೆ," ಎಂದರು ಬಾಗಿಲಲ್ಲಿ ನಿಂತಿದ್ದ ರಂಗಮ್ಮ.

ಮಾರನೆಯ ವರ್ಷ ನಾನು ಬೆಂಗಳೂರಿನ ಪತ್ರಿಕೆಗೆ ಸೇರಿದೆ. ಖಾದರನ ಎದೆಯ ಕಲೆಯನ್ನು ಕೋಲಾರದ ಡಾಕ್ಟರು 1946ರಲ್ಲಿ ಒಮ್ಮೆ, 1948ರಲ್ಲಿ ಒಮ್ಮೆ ನೋಡಿದ್ದಾರೆ. ಎರಡು ಸಲವೂ ಹಳೆಯ ಗಾಯ ಎಂದೇ ಹೇಳಿದ್ದಾರೆ. ಬೀಬಿಜಾನ್ ಇದ್ದಾರೆ. ಖಾದರ್ ಈಗ ಕೋಲಾರ ಮತ್ತು ಮುಳಬಾಗಿಲಿನ ನಡುವೆ ಬಸ್ಸು ಓಡಿಸುತ್ತಾನೆ. ಕಳೆದ ಶುಕ್ರವಾರ ಬೆಳಿಗ್ಗೆ ಕೋಲಾರದಲ್ಲಿ ಅವನನ್ನು ನೋಡಿದೆ. ಬಸ್ಸು ಹೊರಡುವ ಸಮಯ ಮೀರಿ ಹತ್ತು ನಿಮಿಷವಾಗಿತ್ತು. ಪ್ರಯಾಣಿಕರು ಕೂಗುತ್ತಿದ್ದರು. ಅವನು ಹೋಟೆಲಿನ ಬೆಂಚಿನ ಮೇಲೆ ಕುಳಿತು ಎರಡನೆಯ ತಟ್ಟೆ ಚಿತ್ರಾನ್ನ ತಿನ್ನುತ್ತಿದ್ದ.